ಏಳನೇ ತರಗತಿಯ ಮಕ್ಕಳನ್ನು ಕಳಿಸಿಕೊಡುವಾಗ

ನಮ್ಮದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಇಲ್ಲಿರುವುದು 7ನೇ ತರಗತಿವರೆಗೆ ಮಾತ್ರ. ಆಮೇಲೆ ಮಕ್ಕಳು ಬಸ್ಸು ಹತ್ತಿ ಹೋಬಳಿಯ ಹೈಸ್ಕೂಲಿಗೆ ಹೋಗಬೇಕು. ಅಮ್ಮನ ಸೆರಗು ಹಿಡಿದು ಅಳುತ್ತಾ ಬಂದವರು, ನಲಿ-ಕಲಿ ಕಾರ್ಡು ಹಿಡಿದು ನನ್ನ ಪಕ್ಕದಲ್ಲೇ ಅಕ್ಷರ ಕಲಿತವರು, ಏಪ್ರಿಲ್ 10ರ ಹೊತ್ತಿಗೆ ನಮ್ಮ ಶಾಲೆಯವರಾಗಿ ಉಳಿಯುವುದಿಲ್ಲ.

ಬೀಳ್ಕೊಡುಗೆ ಸಮಾರಂಭದ ದಿನ ಭಾಷಣ, ಸಿಹಿ, ಫೋಟೋ ಅಂತ ಗದ್ದಲದಲ್ಲೇ ಹೊತ್ತು ಹೋಗುತ್ತದೆ. ನನಗೆ ಸಂಕಟವಾಗುವುದು ಟೀಸಿ ಕೊಡುವಾಗ. ಹೆಸರು, ಹುಟ್ಟಿದ ದಿನಾಂಕ ತಾಳೆ ನೋಡಲು ಹಳೇ ದಾಖಲಾತಿ ಅರ್ಜಿ ತೆಗೆಯುತ್ತೇನೆ. ಹೋದ ವರ್ಷ ಒಂದು ಅರ್ಜಿಯ ಕೆಳಗೆ ಅಪ್ಪನ ಹೆಬ್ಬೆಟ್ಟಿನ ಗುರುತಿತ್ತು. ಅದೇ ಅಪ್ಪನ ಪಕ್ಕ ನಿಂತು ಮಗಳು ತನ್ನ ಟೀಸಿಯನ್ನು ಸಾಲು ಸಾಲಾಗಿ ಓದಿ ಹೇಳಿದಳು. ನನಗೆ ಕಣ್ಣು ತುಂಬಿ ಬಂತು. ಮಕ್ಕಳ ಮುಂದೆ ಅತ್ತರೆ ತಪ್ಪೇನಿಲ್ಲ ಅಂತ ನಾನು ನಂಬಿದ್ದೇನೆ.

ವಿದಾಯದ ಕೆಲಸ ನಾನು ಶುರು ಮಾಡುವುದು ಮಾರ್ಚಿನಲ್ಲೇ. ಶಾಲಾ ಸಂಸತ್ತಿನ ಮಂತ್ರಿಗಳು ತಮ್ಮ ಕೆಲಸವನ್ನು ಆರನೇ ತರಗತಿಯವರಿಗೆ ಕಲಿಸಿಕೊಡಬೇಕು. ಬಿಸಿಯೂಟ ನೋಡಿಕೊಳ್ಳುತ್ತಿದ್ದ ಹುಡುಗ, "ಚಿಕ್ಕೋರ ತಟ್ಟೆ ನೀನೇ ಹಿಡ್ಕೊಂಡು ಹೋಗು, ಸಾರು ಬಿಸಿ ಇರುತ್ತೆ" ಅಂತ ಹೇಳಿಕೊಡುತ್ತಿದ್ದ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಪ್ರತಿ ಮಗುವಿನ ನೋಟ್‌ಬುಕ್ಕಿನಲ್ಲಿ ಒಂದು ಪುಟ ಬರೆಯುತ್ತೇನೆ. "ಚೆನ್ನಾಗಿ ಓದು" ಅಂತ ಬರೆಯುವುದಿಲ್ಲ. ಕಣ್ಣಾರೆ ಕಂಡದ್ದನ್ನೇ ಬರೆಯುತ್ತೇನೆ. "ಭಾಗಾಕಾರ ತಪ್ಪಾದರೆ ಅಳಿಸದೆ ಪಕ್ಕದಲ್ಲೇ ಮತ್ತೆ ಮಾಡುತ್ತಿದ್ದೆ, ಆ ಅಭ್ಯಾಸ ಬಿಡಬೇಡ" ಅಂತ ಒಬ್ಬಳಿಗೆ ಬರೆದಿದ್ದೆ. ಮಾತು ಕಡಿಮೆ ಆಡುವ ಮಕ್ಕಳ ಬಗ್ಗೆ ಬರೆಯಲು ಜಾಸ್ತಿ ದಿನ ಬೇಕು, ಅವರ ಜೊತೆ ಕೂರಬೇಕು.

ನನ್ನ ಬೇಸರದೊಳಗೆ ಒಂದು ಭಯವೂ ಇರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 8ನೇ ತರಗತಿವರೆಗಿನ ಓದನ್ನು ಹಕ್ಕು ಅನ್ನುತ್ತದೆ, ನಮ್ಮಂಥ ಶಾಲೆ 7ಕ್ಕೇ ನಿಲ್ಲುತ್ತದೆ. "ದೂರ ಆಯ್ತು ಮೇಡಂ, ಹೆಣ್ಣು ಹುಡುಗಿಗೆ ಇಷ್ಟು ಸಾಕಲ್ವಾ" ಅನ್ನುವ ಮಾತು ಕೇಳಿಬರುವುದು ಇಲ್ಲೇ. ಅದಕ್ಕೇ ಪರೀಕ್ಷೆಗೆ ಮೊದಲು ಮಕ್ಕಳನ್ನೂ ಅಮ್ಮಂದಿರನ್ನೂ ಹೈಸ್ಕೂಲಿಗೆ ಕರೆದುಕೊಂಡು ಹೋಗಿ, ಶೌಚಾಲಯದಿಂದ ಹಿಡಿದು ಬಸ್ ನಿಲ್ದಾಣದವರೆಗೆ ಎಲ್ಲ ತೋರಿಸಿಕೊಂಡು ಬರುತ್ತೇನೆ. ಜೂನ್‌ನಲ್ಲಿ ಒಬ್ಬೊಬ್ಬರ ಮನೆಗೂ ಫೋನ್ ಮಾಡುತ್ತೇನೆ. ಎಲ್ಲರೂ ಎಂಟಕ್ಕೆ ಸೇರಿದ್ದಾರೆ ಅಂತ ಗೊತ್ತಾಗುವವರೆಗೆ ನನಗೆ ಸಮಾಧಾನ ಇರುವುದಿಲ್ಲ.

ಈ ಸಲ ಇಬ್ಬರು ಹುಡುಗಿಯರ ಮನೆಯಲ್ಲಿ ಬಸ್ಸಿನದೇ ಚಿಂತೆ. ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು ಅದೇ ಬಸ್ಸಿನಲ್ಲಿ ಹತ್ತನೇ ತರಗತಿಗೆ ಹೋಗುವವಳು. ಇವರನ್ನೂ ಜೊತೆಗೆ ಕರ್ಕೊಂಡು ಹೋಗ್ತೀಯಾ ಅಂತ ಕೇಳಿದೆ. "ನನ್ನ ಪಕ್ಕದಲ್ಲೇ ಕೂರಿಸ್ಕೋತೀನಿ ಮಿಸ್, ನೀವೇ ಅವರಮ್ಮಂಗೆ ಹೇಳಿ" ಅಂದಳು. ಅವತ್ತು ಸಂಜೆಯೇ ಇಬ್ಬರ ಮನೆಗೂ ಹೋಗಿ ಹೇಳಿ ಬಂದೆ.