ರೈಡಿಂಗ್ ಮೋವರ್ ಎಂಜಿನ್ ಸ್ಟಾರ್ಟ್ ಆಗದಿದ್ದರೆ: ಬಿಡಿಭಾಗ ಕೊಳ್ಳುವ ಮೊದಲು ನೋಡಬೇಕಾದ್ದು

ಮೇಲೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಮೋವರ್ ಕೈಕೊಟ್ಟ ಕೂಡಲೇ ಹೊಸ ಬ್ಯಾಟರಿಯನ್ನೋ ಕಾರ್ಬ್ಯುರೇಟರನ್ನೋ ತಂದು ಹಾಕುವವರೇ ಹೆಚ್ಚು. ದುಡ್ಡು ದಂಡವಾಗುವುದು ಅಲ್ಲೇ. ಕೀ ತಿರುಗಿಸಿದಾಗ ಎಂಜಿನ್ ಸುಮ್ಮನೆ ಕೂತಿದೆಯೋ, ಬರೀ ಟಕ್ ಎನ್ನುತ್ತದೋ, ಅರ್ಧ ಸುತ್ತು ತಿರುಗಿ ನಿಲ್ಲುತ್ತದೋ, ಚೆನ್ನಾಗಿ ಸುತ್ತಿಯೂ ಹತ್ತಿಕೊಳ್ಳುವುದಿಲ್ಲವೋ ನೋಡಿ. ದೋಷ ಎಲ್ಲಿದೆ ಎನ್ನುವುದು ಇದರಲ್ಲೇ ಮುಕ್ಕಾಲು ಪಾಲು ಗೊತ್ತಾಗುತ್ತದೆ.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಎಂಜಿನ್ ಆರಲು ಬಿಡಿ. ಬಿಚ್ಚುವ ಕೆಲಸಕ್ಕೆ ಕೈಹಾಕುವಾಗ ಕೀ ತೆಗೆದಿಟ್ಟು, ಸ್ಪಾರ್ಕ್ ಪ್ಲಗ್‌ನ ವಯರ್ ಕಿತ್ತು ದೂರ ಸರಿಸಿ. ಬ್ಲೇಡ್ ಇರುವ ಯಂತ್ರ. ಇದನ್ನು ಒಂದು ಸಲವೂ ಮರೆಯಬೇಡಿ.

ಸೆಲ್ಫ್ ತಿರುಗದಿದ್ದರೆ

ಮಲ್ಟಿಮೀಟರ್ ಹಿಡಿದು ನೋಡಿ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಸುಮಾರು 12.6 ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ. ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕಲಸಿದ ನೀರು ಹಾಕಿ ಉಜ್ಜಿ. ಬ್ಯಾಟರಿ ಸರಿಯಿದ್ದೂ ಬರೀ ಟಕ್ ಸದ್ದು ಬಂದರೆ ಸೊಲೆನಾಯ್ಡ್ (ಸೆಲ್ಫ್‌ಗೆ ಕರೆಂಟ್ ಬಿಡುವ ಸ್ವಿಚ್), ಕೇಬಲ್ ಮತ್ತು ಅರ್ತ್ ಬೋಲ್ಟ್ ನೋಡಿ. ಸದ್ದೇ ಇಲ್ಲವೆಂದರೆ ಫ್ಯೂಸ್, ಆಮೇಲೆ ಸೇಫ್ಟಿ ಸ್ವಿಚ್‌ಗಳು. ಬ್ರೇಕ್ ಪೆಡಲ್ ಪೂರ್ತಿ ಒತ್ತದೆ ಇದ್ದರೆ, ಬ್ಲೇಡ್ ಸ್ವಿಚ್ ಆನ್ ಆಗಿದ್ದರೆ ಸೆಲ್ಫ್‌ಗೆ ಕರೆಂಟೇ ಹೋಗುವುದಿಲ್ಲ.

ಅರ್ಧ ಸುತ್ತು ತಿರುಗಿ ನಿಂತರೆ

ಇದನ್ನು ಬ್ಯಾಟರಿಯ ತಪ್ಪು ಎಂದುಕೊಂಡು ಮೋಸಹೋಗುವವರು ಬಹಳ. ಪ್ಲಗ್ ಬಿಚ್ಚಿ ಸೆಲ್ಫ್ ಹೊಡೆಯಿರಿ. ತೂತಿನಿಂದ ಪೆಟ್ರೋಲ್ ಚಿಮ್ಮಬಹುದು, ಹಾಗಾಗಿ ಮುಖ ದೂರವಿರಲಿ, ಪ್ಲಗ್ ವಯರ್‌ನ ತುದಿ ತೂತಿನಿಂದ ದೂರ ಅರ್ತ್‌ಗೆ ತಾಗಿರಲಿ. ಪ್ಲಗ್ ಇಲ್ಲದಾಗ ಎಂಜಿನ್ ಸರಾಗವಾಗಿ ಸುತ್ತಿ, ಹಾಕಿದ ಮೇಲೆ ಮತ್ತೆ ತಡೆದರೆ ಸಂಶಯ ವಾಲ್ವ್ ಗ್ಯಾಪ್ (ವಾಲ್ವ್ ತುದಿಗೂ ಅದನ್ನು ಒತ್ತುವ ರಾಕರ್ ತೋಳಿಗೂ ನಡುವಿನ ಸಂದು) ಮೇಲೆ ಹೋಗಬೇಕು. ಸ್ಟಾರ್ಟ್ ಆಗುವ ನಿಧಾನ ವೇಗದಲ್ಲಿ ವಾಲ್ವ್‌ಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಒಂದು ವಾಲ್ವನ್ನು ಕೂದಲೆಳೆಯಷ್ಟು ತೆರೆದು ಸಿಲಿಂಡರಿನ ಒತ್ತಡ ಇಳಿಸುತ್ತದೆ. ಸವೆತದಿಂದ ಗ್ಯಾಪ್ ದೊಡ್ಡದಾದರೆ ಆ ಎಳೆಯಷ್ಟು ತೆರೆಯುವುದೂ ನಿಂತುಹೋಗುತ್ತದೆ. ಪಿಸ್ಟನ್ ಮೇಲೆ ಬರುವಾಗ ಪೂರ್ತಿ ಒತ್ತಡ ಎದುರಾಗಿ ಸೆಲ್ಫ್ ಸೋಲುತ್ತದೆ.

ಸರಿಮಾಡಲು ಕೀ ತೆಗೆದು, ವಾಲ್ವ್ ಕವರ್ ಬಿಚ್ಚಿ. ಪ್ಲಗ್ ತೂತಿನೊಳಗೆ ಒಂದು ಪ್ಲಾಸ್ಟಿಕ್ ಕಡ್ಡಿ ಇಳಿಬಿಟ್ಟು ಫ್ಲೈವೀಲ್ ಅನ್ನು ಕೈಯಿಂದ ತಿರುಗಿಸಿ. ಕಡ್ಡಿ ತೀರಾ ಮೇಲೆ ಬಂದಾಗ ಎರಡೂ ರಾಕರ್‌ಗಳು ಸಡಿಲವಾಗಿರಬೇಕು; ಇಲ್ಲದಿದ್ದರೆ ಇನ್ನೊಂದು ಪೂರ್ತಿ ಸುತ್ತು. ಅಲ್ಲಿಂದ ಪಿಸ್ಟನ್ 6 ಮಿ.ಮೀ. ಕೆಳಗಿಳಿಯುವಷ್ಟು ಅದೇ ದಿಕ್ಕಿಗೆ ತಿರುಗಿಸಿ ನಿಲ್ಲಿಸಿ. ಬ್ರಿಗ್ಸ್ ಆ್ಯಂಡ್ ಸ್ಟ್ರಾಟನ್‌ನ ಒಂಟಿ ಸಿಲಿಂಡರ್ ಇಂಟೆಕ್ ಎಂಜಿನ್‌ಗೆ ಇನ್‌ಟೇಕ್ ವಾಲ್ವ್ ಗ್ಯಾಪ್ 0.08ರಿಂದ 0.13, ಎಕ್ಸಾಸ್ಟ್ ವಾಲ್ವ್ ಗ್ಯಾಪ್ 0.13ರಿಂದ 0.18 ಮಿ.ಮೀ. ಇರಬೇಕು. ಬೇರೆ ಎಂಜಿನ್‌ಗೆ ಅದರ ಕೈಪಿಡಿಯ ಅಳತೆ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಸಂದಿಗೆ ತೂರಿಸಿ ಎಳೆದರೆ ಬೆಣ್ಣೆಯೊಳಗಿಂದ ಚಾಕು ಎಳೆದಂಥ ಮೆಲುವಾದ ಹಿಡಿತ ಕೈಗೆ ಸಿಗಬೇಕು. ಗ್ಯಾಪ್ ಹೊಂದಿಸಿ ರಾಕರ್‌ನ ಲಾಕ್ ನಟ್ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಬಿಗಿಯುವಾಗಲೇ ಗ್ಯಾಪ್ ಬದಲಾಗುತ್ತದೆ. ಆಯಿಲ್ ಒತ್ತಡದಿಂದ ಗ್ಯಾಪನ್ನು ತಾನೇ ಸರಿಪಡಿಸಿಕೊಳ್ಳುವ ಹೈಡ್ರಾಲಿಕ್ ಲಿಫ್ಟರ್ ಇರುವ ಎಂಜಿನ್‌ಗಳಲ್ಲಿ ಈ ಸೆಟ್ಟಿಂಗ್ ಇಲ್ಲ.

ಸುತ್ತಿಯೂ ಹತ್ತಿಕೊಳ್ಳದಿದ್ದರೆ

ಸ್ಪಾರ್ಕ್ ಟೆಸ್ಟರ್ ಸಿಕ್ಕಿಸಿ ಕಿಡಿ ನೋಡಿ. ಕಿಡಿ ಇಲ್ಲದಿದ್ದರೆ ಇಗ್ನಿಷನ್ ಕಾಯಿಲ್‌ಗೆ ಬರುವ ಸಣ್ಣ ವಯರ್ ಬಿಡಿಸಿ ಇನ್ನೊಮ್ಮೆ ಪರೀಕ್ಷಿಸಿ. ಈಗ ಕಿಡಿ ಬಂತೆಂದರೆ ಕಾಯಿಲ್ ಚೆನ್ನಾಗಿದೆ. ಕೀ ಸ್ವಿಚ್ಚೋ ಸೇಫ್ಟಿ ಸ್ವಿಚ್ಚೋ ಅದನ್ನು ಅರ್ತ್ ಮಾಡುತ್ತಿದೆ. ಆ ವಯರ್ ಇಲ್ಲದೆ ಕೀಯಿಂದ ಎಂಜಿನ್ ಆರುವುದಿಲ್ಲ, ಸೀಟಿನಿಂದ ಎದ್ದರೆ ಎಂಜಿನ್ ನಿಲ್ಲಿಸುವ ಸೀಟ್ ಸ್ವಿಚ್ಚೂ ನಿಮ್ಮನ್ನು ಕಾಯುವುದಿಲ್ಲ. ಪರೀಕ್ಷೆ ಮುಗಿದೊಡನೆ ವಾಪಸ್ ಸಿಕ್ಕಿಸಿ.

ಕಿಡಿ ಇದೆ, ಆದರೂ ಪ್ಲಗ್ ತುದಿ ಒಣಗಿದೆ ಎಂದರೆ ಪೆಟ್ರೋಲ್ ತಲುಪುತ್ತಿಲ್ಲ. ತಿಂಗಳುಗಟ್ಟಲೆ ನಿಂತ ಪೆಟ್ರೋಲನ್ನು ಮುಲಾಜಿಲ್ಲದೆ ಹೊರಗೆ ತೆಗೆಯಿರಿ. ಎಥನಾಲ್ ಬೆರೆತದ್ದು ತೇವ ಹೀರಿ ಇನ್ನೂ ಬೇಗ ಕೆಡುತ್ತದೆ. ಫಿಲ್ಟರ್ ಬದಲಿಸಿ. ಟ್ಯಾಂಕ್ ಮುಚ್ಚಳ ಸಡಿಲಿಸಿದಾಗ ಮಾತ್ರ ಎಂಜಿನ್ ಓಡಿದರೆ ಮುಚ್ಚಳದ ಗಾಳಿ ತೂತು ಮುಚ್ಚಿದೆ. ಕಾರ್ಬ್ಯುರೇಟರ್ ಕೆಳಗೆ ಫ್ಯೂಯಲ್ ಸೊಲೆನಾಯ್ಡ್ (ಪೆಟ್ರೋಲ್ ಬಿಡುವ ವಿದ್ಯುತ್ ವಾಲ್ವ್) ಇದ್ದರೆ ಕೀ ಆನ್ ಮಾಡಿದಾಗ ಅದು ಟಿಕ್ ಎನ್ನಬೇಕು. ಇಷ್ಟೂ ಸರಿಯಿದ್ದರೆ ಕಾರ್ಬ್ಯುರೇಟರ್ ತಳದ ಪೆಟ್ರೋಲ್ ಬಟ್ಟಲು (ಬೌಲ್) ಬಿಚ್ಚಿ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ತೆಗೆದು ಬೆಳಕಿಗೆ ಹಿಡಿಯಿರಿ: ತೂತು ಸ್ವಚ್ಛ ದುಂಡಗೆ ಕಾಣಬೇಕು. ಅಂಚಿನಲ್ಲಿ ಅಂಟಿನ ಪೊರೆ ಕಟ್ಟಿದ್ದರೆ ಕ್ಲೀನರ್ ಸ್ಪ್ರೇ ಹೊಡೆದು, ಮೆತ್ತನೆಯ ತಾಮ್ರದ ಎಳೆ ತೂರಿಸಿ. ಉಕ್ಕಿನ ತಂತಿ ಹಾಕಬೇಡಿ, ತೂತು ಅಗಲವಾದರೆ ಆ ಜೆಟ್ ಮುಗಿಯಿತು.

ಓಡುತ್ತದೆ, ಆದರೆ ಸರಿಯಿಲ್ಲ

ಎಂಜಿನ್ ರೇಸ್ ತಾನಾಗಿ ಏರಿ ಇಳಿಯುತ್ತಿದ್ದು, ಚೋಕ್ ಅರ್ಧ ಎಳೆದಾಗ ಸರಿಹೋದರೆ ಪೆಟ್ರೋಲ್ ಸಾಲುತ್ತಿಲ್ಲ: ಸಣ್ಣ ಜೆಟ್ ಕಟ್ಟಿದೆ, ಇಲ್ಲವೇ ಇನ್‌ಟೇಕ್ ಗ್ಯಾಸ್ಕೆಟ್ ಗಾಳಿ ಎಳೆಯುತ್ತಿದೆ. ನೀಲಿ ಹೊಗೆ ಬಂದರೆ ಮೊದಲು ಆಯಿಲ್ ಮಟ್ಟ ನೋಡಿ, ಹೆಚ್ಚು ತುಂಬಿದ್ದರೂ ಹೊಗೆ ಬರುತ್ತದೆ. ಮಟ್ಟ ಸರಿಯಿದ್ದು ಏರ್ ಫಿಲ್ಟರ್ ಆಯಿಲ್‌ನಲ್ಲಿ ನೆನೆದಿದ್ದರೆ ದೋಷ ಬ್ರೀದರ್ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ವಾಲ್ವ್) ಅಥವಾ ಹೆಡ್ ಗ್ಯಾಸ್ಕೆಟ್‌ನಲ್ಲಿದೆ.

ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ಮೂಸುವ ಅಭ್ಯಾಸ ಮಾಡಿಕೊಳ್ಳಿ. ಆಯಿಲ್ ತೆಳುವಾಗಿ ಪೆಟ್ರೋಲ್ ವಾಸನೆ ಬಂದರೆ, ಮಟ್ಟವೂ ಏರಿದ್ದರೆ ಕಾರ್ಬ್ಯುರೇಟರ್‌ಗೆ ಬರುವ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್ ಸೋರುತ್ತಿದೆ ಎಂದೇ ಲೆಕ್ಕ. ಆ ಆಯಿಲ್‌ನಲ್ಲಿ ಒಂದು ನಿಮಿಷವೂ ಓಡಿಸಬೇಡಿ, ಬೇರಿಂಗ್ ಸುಟ್ಟೀತು. ನೀಡಲ್ ಬದಲಿಸಿ, ಆಯಿಲ್ ಮತ್ತು ಫಿಲ್ಟರ್ ಹೊಸದು ಹಾಕಿ, ನಂತರವೇ ಕೀ ತಿರುಗಿಸಿ.