ಸ್ಟೀರಿಂಗ್ ತಿರುಗಿಸಿದರೆ ಕೂಗುತ್ತಿದ್ದ ಕಾರು

ಮಳೆ ಹಿಡಿದು ವಾರವಾಗಿತ್ತು. ಬೆಳಗ್ಗೆ ಶೆಡ್ಡಿನಿಂದ ಕಾರು ತೆಗೆದರೆ ಕೀಂಯ್ ಅಂತ ಕೂಗು. ಕೈಮರದಿಂದ ಮೇಲಿನ ತಿರುವುಗಳಲ್ಲಂತೂ ಹಂದಿ ಹಿಡಿದ ಹಾಗೆ. "ನೀವು ಬರೋದು ಎರಡು ತಿರುವು ಮುಂಚೆನೇ ಗೊತ್ತಾಗುತ್ತೆ ಮಾರಾಯ್ರೆ, ಕಾಫಿಗೆ ನೀರಿಡಬಹುದು" ಅಂತ ಪಕ್ಕದ ತೋಟದವರು ಆಡಿಕೊಂಡರು.

ಕಾರು 2006ರದ್ದು. ಈಗಿನ ಹಾಗೆ ಕರೆಂಟಿನ ಸ್ಟೀರಿಂಗ್ ಅಲ್ಲ. ಎಂಜಿನ್ ಪುಲ್ಲಿಯಿಂದ ಬೆಲ್ಟ್ ಪಂಪನ್ನು ತಿರುಗಿಸಬೇಕು, ಪಂಪು ಆಯಿಲ್ ಒತ್ತಬೇಕು, ಆಗಲೇ ಸ್ಟೀರಿಂಗ್ ಹಗುರ. ಸ್ಟೀರಿಂಗ್ ಕೊನೆ ಮುಟ್ಟಿದಾಗ ಪಂಪಿಗೆ ಹೊರೆ ಹೆಚ್ಚು, ಬೆಲ್ಟ್ ಜಾರುವುದು ಅಲ್ಲೇ. ಪೇಟೆಯ ಮೆಕ್ಯಾನಿಕ್ ಎರಡು ಸಲ ಟೈಟ್ ಮಾಡಿಕೊಟ್ಟಿದ್ದರು. ಎರಡು ಸಲವೂ ಹದಿನೈದು ದಿನ ಸುಮ್ಮನಿದ್ದು ಮತ್ತೆ ಶುರು.

ಮೂರನೇ ಸಲ ನಾನೇ ಬಾನೆಟ್ ಎತ್ತಿದೆ. ಎಂಜಿನ್ ಓಡುವಾಗಲೇ, ದೂರ ನಿಂತು, ಬೆಲ್ಟಿನ ಗೆರೆಗಳ ಮೇಲೆ ಸ್ಪ್ರೇ ಬಾಟಲಿಯಿಂದ ಒಂದಿಷ್ಟು ನೀರು ಹೊಡೆದೆ. ಸದ್ದು ಕ್ಷಣ ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಲ್ಲಿಲ್ಲ ಅಂತ. ಇನ್ನೂ ಜೋರಾದರೆ ಬೆಲ್ಟ್ ಜಾರುತ್ತಿದೆ ಅಂತ. ನಮ್ಮದು ಜೋರಾಯಿತು.

ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿದೆ. ಪಂಪಿಗೆ ಎರಡು ಬೋಲ್ಟು: ಕೆಳಗಿನದರ ಮೇಲೆ ಪಂಪು ವಾಲುತ್ತೆ, ಮೇಲಿನದು ಉದ್ದನೆಯ ಸೀಳಿನಲ್ಲಿ ಓಡಾಡುತ್ತೆ. ಕೆಳಗಿನದು ತುಕ್ಕು ಹಿಡಿದು ಕೂತಿತ್ತು. ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ಒಂದು ಕಾಫಿ ಕುಡಿದು ಬಂದೆ. ಕೊನೆಗೆ ಸ್ಪ್ಯಾನರಿಗೆ ಪೈಪು ತೂರಿಸಿ ಎಳೆದಾಗ ಅದು ಸಡಿಲವಾಯಿತು, ನನ್ನ ಬೆರಳ ಗೆಣ್ಣೂ ಸುಲಿಯಿತು.

ಬೆಲ್ಟ್ ಕೈಗೆ ಬಂದಾಗ ಅಸಲಿ ವಿಷಯ ಗೊತ್ತಾಯಿತು. ಒಳಗಿನ ನಾಲ್ಕು ಗೆರೆ ಗಾಜಿನ ಹಾಗೆ ಹೊಳೆಯುತ್ತಿದ್ದವು, ಮುಟ್ಟಿದರೆ ಕೆಂಪು ಜಿಡ್ಡು. ಪಂಪಿಗೆ ವಾಪಸ್ ಬರುವ ಹೋಸಿನ ಕ್ಲಿಪ್ಪು ಸಡಿಲವಾಗಿ ಆಯಿಲ್ ಹನಿ ಹನಿಯಾಗಿ ಬೆಲ್ಟಿನ ಮೇಲೆ ಬೀಳುತ್ತಿತ್ತು. ಇದನ್ನು ಬಿಟ್ಟು ಎಷ್ಟು ಟೈಟ್ ಮಾಡಿದರೂ ಏನು ಬಂತು?

ಹಳೇ ಬೆಲ್ಟನ್ನೇ ಅಂಗಡಿಗೆ ಒಯ್ದೆ. ಬೆನ್ನ ಮೇಲಿನ 4ಪಿಕೆ ಅಂದರೆ ನಾಲ್ಕು ಗೆರೆ, ಮುಂದಿನ ಅಂಕಿ ಮಿಲಿಮೀಟರಿನಲ್ಲಿ ಉದ್ದ. ಹುಡುಗ ಸ್ವಲ್ಪ ಉದ್ದದ್ದು ಕೊಟ್ಟು "ನಡೆಯುತ್ತೆ ಸಾರ್" ಅಂದ. ನಾನು ಒಪ್ಪಲಿಲ್ಲ, ಅದೇ ಅಳತೆಯದು ಹುಡುಕಿಸಿದೆ.

ಹೊಸ ಕ್ಲಿಪ್ಪು ಹಾಕಿ, ಪುಲ್ಲಿಯ ಗೆರೆಗಳನ್ನು ಹಳೇ ಟೂತ್‌ಬ್ರಷ್ಷಲ್ಲಿ ಸೋಪುನೀರು ಹಚ್ಚಿ ತಿಕ್ಕಿ ಒಣಗಿಸಿದೆ. ಮೊದಲ ಸಲ ಕೂರಿಸಿದಾಗ ಬೆಲ್ಟ್ ಒಂದು ಗೆರೆ ಆಚೆ ಕೂತಿತ್ತು. ಟಾರ್ಚ್ ಬಿಟ್ಟು ನೋಡದಿದ್ದರೆ ಗೊತ್ತಾಗುತ್ತಲೇ ಇರಲಿಲ್ಲ. ಬೆಲ್ಟ್ ಬಿಗಿ ಮಾಡಲು ಪಂಪನ್ನು ರಾಡಿನಿಂದ ಮೀಟುವಾಗ ರಾಡನ್ನು ಪಂಪಿನ ಮೈಗೆ ಕೊಡಬಾರದು, ಪಂಪು ಕೂತಿರೋ ಬ್ರಾಕೆಟ್ಟಿಗೆ ಕೊಡಬೇಕು. ಮಧ್ಯದಲ್ಲಿ ಹೆಬ್ಬೆರಳಿಂದ ಬಲವಾಗಿ ಒತ್ತಿದರೆ ಸುಮಾರು 10 ಮಿ.ಮೀ. ಬಗ್ಗುವಷ್ಟು ಬಿಟ್ಟೆ. ಅತಿ ಟೈಟಾದರೆ ಪಂಪಿನ ಬೇರಿಂಗ್ ಹೋಗುತ್ತೆ, ಅದರ ಖರ್ಚು ಬೇರೆಯೇ.

ಆಯಿಲ್ ಗುರುತಿನವರೆಗೆ ತುಂಬಿಸಿ, ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ ನೋಡಿದೆ, ಕೊನೆಯಲ್ಲಿ ಹಿಡಿದು ನಿಲ್ಲಿಸಲಿಲ್ಲ. ಸದ್ದಿಲ್ಲ. ಹೊಸ ಬೆಲ್ಟ್ ಮೊದಮೊದಲು ಸ್ವಲ್ಪ ಹಿಗ್ಗುತ್ತೆ, 200 ಕಿ.ಮೀ. ಓಡಿದ ಮೇಲೆ ಒತ್ತಿ ನೋಡಿ ಇನ್ನೊಂದು ಚೂರು ಎಳೆದೆ.