ಗಂಜ್ ಅಂಗಡಿಯ ಲೆಕ್ಕ, ನನ್ನ ಖಾಲಿ ಫೈಲು

"ಸರ, ಫೈಲ್‌ನಾಗ ಮ್ಯಾಲ ಹೆಸರು, ಊರು, ದರ ಅಂತ ಅದ. ಕೆಳಗ ಏನೂ ಇಲ್ಲಲ್ರಿ."

ಕಲಬುರಗಿಯ ನೆಹರು ಗಂಜ್‌ನ ಒಂದು ಅಡತಿ ಅಂಗಡಿಯಿಂದ, ಅಂದರೆ ರೈತರ ಮಾಲು ಮಾರಿಸಿಕೊಡುವ ಅಂಗಡಿಯಿಂದ, ಬಂದ ಫೋನ್ ಅದು. ಜನವರಿ ತಿಂಗಳು, ತೊಗರಿ ಬರುವ ಹೊತ್ತು. ಅಂಗಡಿ ಮುಂದೆ ಚೀಲಗಳ ಸಾಲು, ಒಳಗೆ ಗುಮಾಸ್ತರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ನಾನು ಬರೆದುಕೊಟ್ಟ ಪ್ರೋಗ್ರಾಂನಲ್ಲಿ ಅವರು ಸಂಜೆಯ ಲೆಕ್ಕ ತೆಗೆದಿದ್ದರು. ಒಟ್ಟು ಮೊತ್ತ ಪರದೆ ಮೇಲೆ ಸರಿಯಾಗಿಯೇ ಬಂದಿತ್ತು. ಸಾಹುಕಾರರಿಗೆ ಕಳಿಸಬೇಕಾದ ಫೈಲು ಮಾತ್ರ ಖಾಲಿ.

ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ರೈತ ಮಾಲು ತಂದು ಹಾಕಿದಾಗ ಅಂಗಡಿಯಲ್ಲಿ ಒಂದು ಪಟ್ಟಿ ಮಾಡುತ್ತಾರೆ. ಹೆಸರು, ಊರು, ಎಷ್ಟು ಚೀಲ, ತೂಕ, ದರ, ಹಮಾಲಿ, ಮೊದಲೇ ತೆಗೆದುಕೊಂಡ ಮುಂಗಡ, ಎಲ್ಲ ಅದರಲ್ಲಿರುತ್ತದೆ. ಇವೆಲ್ಲ ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸಿನಲ್ಲಿ, ಅಂದರೆ ಮಾಹಿತಿ ಜೋಡಿಸಿಡುವ ಉಗ್ರಾಣದಲ್ಲಿ, ಕೂರುತ್ತವೆ. ಎಸ್‌ಕ್ಯೂಲೈಟ್‌ಗೆ ಬೇರೆ ಸರ್ವರ್ ಬೇಡ, ಇಡೀ ಡೇಟಾಬೇಸ್ ಒಂದೇ ಫೈಲು. ನಾನು ಪ್ರೋಗ್ರಾಂ ಬರೆಯುವ ಭಾಷೆ ಪೈಥಾನ್ ಹಾಕಿಕೊಂಡರೆ ಎಸ್‌ಕ್ಯೂಲೈಟ್ ಬಳಸುವ ಮಾಡ್ಯೂಲ್ ಜೊತೆಗೇ ಬರುತ್ತದೆ, 2006ರ 2.5 ಆವೃತ್ತಿಯಿಂದ ಹೀಗೇ ಇದೆ. ಸಂಜೆ ನನ್ನ ಪ್ರೋಗ್ರಾಂ ಒಂದು ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಓಡಿಸಿ ರೈತವಾರು ಲೆಕ್ಕ ಕೂಡಿಸಬೇಕು, ಅದನ್ನು 'ದಿನದ ಲೆಕ್ಕ' ಅನ್ನುವ ಟೇಬಲ್‌ನಲ್ಲಿ ಇಡಬೇಕು, ಎಕ್ಸೆಲ್‌ನಲ್ಲಿ ತೆರೆಯಬಹುದಾದ ಒಂದು ಸಿಎಸ್‌ವಿ ಫೈಲನ್ನೂ ಬರೆಯಬೇಕು. ಅಷ್ಟೇ.

ಫೈಲು ಯಾಕೆ ಖಾಲಿ ಬಂತು? ಕ್ವೆರಿ ಓಡಿಸಲು ಎಕ್ಸಿಕ್ಯೂಟ್ ಅಂತ ಕರೆದಾಗ ಕೈಗೆ ಬರುವುದು ಕರ್ಸರ್. ಅದರೊಳಗೆ ಉತ್ತರವೆಲ್ಲ ತುಂಬಿಕೊಂಡು ಕೂತಿರುತ್ತದೆ ಅಂತ ನಾನು ತಿಳಿದಿದ್ದೆ. ಹಾಗಿಲ್ಲ. ಕರ್ಸರ್ ಕೇಳಿದಾಗಲೆಲ್ಲ ಒಂದು ಸಾಲು ಕೊಡುತ್ತದೆ, ಕೊಟ್ಟದ್ದನ್ನು ಮತ್ತೆ ಕೊಡುವುದಿಲ್ಲ. ಹಮಾಲ ಲಾರಿಯಿಂದ ಚೀಲ ಇಳಿಸಿದ ಹಾಗೆ. ಕೊನೆಯ ಚೀಲ ಇಳಿದ ಮೇಲೆ ಲಾರಿ ಹತ್ತಿ ನೋಡಿದರೆ ಏನಿರುತ್ತದೆ?

ನನ್ನ ಕೋಡ್ ಮೊದಲು ಚೆನ್ನಾಗಿಯೇ ಓಡುತ್ತಿತ್ತು. ಒಂದೇ ಲೂಪ್, ಅಂದರೆ ಸಾಲುಗಳು ಮುಗಿಯುವವರೆಗೆ ಅದೇ ಕೆಲಸ: ಸಾಲು ಓದು, ಫೈಲಿಗೆ ಬರೆ. ಆಮೇಲೆ ಸಾಹುಕಾರರು "ಒಟ್ಟು ಎಷ್ಟಾಯ್ತು ಅಂತ ಮ್ಯಾಲೇ ಕಾಣ್ಲಿ" ಎಂದರು. ಅದಕ್ಕೆ ಫೈಲು ಬರೆಯುವ ಲೂಪ್‌ಗಿಂತ ಮುಂಚೆ ಮೊತ್ತ ಕೂಡಿಸುವ ಇನ್ನೊಂದು ಲೂಪ್ ಸೇರಿಸಿದೆ. ಮೊದಲ ಲೂಪ್ ಎಲ್ಲ ಸಾಲುಗಳನ್ನೂ ತಿಂದು ಮುಗಿಸಿತು. ಎರಡನೆಯದಕ್ಕೆ ಒಂದೂ ಉಳಿಯಲಿಲ್ಲ. ತಪ್ಪಾಗಿದೆ ಅಂತಾದರೂ ಹೇಳಬೇಕಲ್ವಾ? ಹೇಳುವುದಿಲ್ಲ. ಖಾಲಿ ಕರ್ಸರ್ ಮೇಲೆ ಲೂಪ್ ಸುಮ್ನೆ ಸೊನ್ನೆ ಸಲ ಓಡಿ ಮುಗಿಯುತ್ತದೆ.

ಫೆಚ್‌ಆಲ್ ಕರೆದು ಸಾಲುಗಳನ್ನೆಲ್ಲ ಒಂದು ಲಿಸ್ಟ್‌ಗೆ ಹಾಕಿಕೊಂಡೆ. ಲಿಸ್ಟ್ ನನ್ನದು, ಎಷ್ಟು ಸಲ ಬೇಕಾದರೂ ಓದಬಹುದು. ದಿನದ ಲೆಕ್ಕಕ್ಕೆ ಇದು ಸಾಕು. ಆದರೆ ಎಲ್ಲ ವರ್ಷಗಳ ಪಟ್ಟಿ ಒಟ್ಟಿಗೆ ಬೇಕು ಎಂದಾಗ ಅಂಗಡಿಯ ಹಳೆಯ ಕಂಪ್ಯೂಟರ್ ಏದುಸಿರು ಬಿಟ್ಟಿತು, ಯಾಕೆಂದರೆ ಫೆಚ್‌ಆಲ್ ಎಲ್ಲವನ್ನೂ ಒಮ್ಮೆಲೇ ಮೆಮೊರಿಗೆ ಎಳೆಯುತ್ತದೆ. ಅಲ್ಲಿ ಫೆಚ್‌ಮೆನಿ ಬಳಸಿ ಸಾವಿರ ಸಾವಿರ ಸಾಲು ತೆಗೆದು ಬರೆಯುತ್ತೇನೆ.

ಇನ್ನೊಂದು ದಡ್ಡತನವನ್ನೂ ಒಪ್ಪಿಕೊಳ್ಳಬೇಕು. ಶುರುವಿನಲ್ಲಿ ಎಲ್ಲ ಪಟ್ಟಿಗಳನ್ನೂ ಪೈಥಾನ್‌ಗೆ ತಂದು ಅಲ್ಲಿ ರೈತವಾರು ಕೂಡಿಸುತ್ತಿದ್ದೆ. ಕೂಡಿಸುವುದು ಡೇಟಾಬೇಸಿನ ಕೆಲಸ. ಗ್ರೂಪ್ ಬೈ ಹಾಕಿದರೆ ರೈತನಿಗೊಂದು ಸಾಲು ಸಿದ್ಧವಾಗಿಯೇ ಬರುತ್ತದೆ. ಇಲ್ಲಿ ಒಂದು ಹುಷಾರು. ಮುಂಗಡ ತೆಗೆದುಕೊಳ್ಳದ ರೈತರಿಗೆ ಆ ಕಾಲಂ ಖಾಲಿ, ಅಂದರೆ ನಲ್. ಯಾವ ಸಂಖ್ಯೆಯಿಂದ ನಲ್ ಕಳೆದರೂ ಉತ್ತರ ನಲ್. ಸಾಲವೇ ಇಲ್ಲದ ಮನುಷ್ಯನಿಗೆ ಕೊಡಬೇಕಾದ ಹಣದ ಜಾಗ ಖಾಲಿ ಬಂದಿತ್ತು! ಕೊಅಲೆಸ್ ಹಾಕಿ ನಲ್ ಇದ್ದಲ್ಲಿ ಸೊನ್ನೆ ತೆಗೆದುಕೊ ಎಂದೆ. ಹಣವನ್ನು ಪೈಸೆ ಲೆಕ್ಕದಲ್ಲಿ ಪೂರ್ಣ ಸಂಖ್ಯೆಯಾಗಿಯೇ ಇಡುತ್ತೇನೆ. ದಶಾಂಶದ ಫ್ಲೋಟ್‌ನಲ್ಲಿಟ್ಟರೆ ಒಂದೆರಡು ಪೈಸೆ ಅತ್ತಿತ್ತ ಆಗುತ್ತದೆ, ಗಂಜ್‌ನಲ್ಲಿ ಆ ಒಂದೆರಡು ಪೈಸೆಗೂ ಜಗಳ ಆಗುತ್ತದೆ.

ಮುಂದಿನ ಪೆಟ್ಟು ಬಿದ್ದದ್ದು ಹೆಸರಿನಿಂದ. ಅಂಗಡಿಗೆ ಬರುವ ಮಲ್ಲಪ್ಪಂದಿರು ಒಬ್ಬಿಬ್ಬರಲ್ಲ. ಗುರುತಿಗೆ ಇರಲಿ ಅಂತ ಗುಮಾಸ್ತರು ಹೆಸರಿನ ಮುಂದೆ ಉದ್ಧರಣ ಚಿಹ್ನೆ ಹಾಕಿ 'ಬಾವಿಮನಿ' ಅಂತ ಬರೆದಿದ್ದರು. ನಾನೋ ಹೆಸರನ್ನು ಕ್ವೆರಿಯ ಸಾಲಿಗೇ ಅಂಟಿಸುತ್ತಿದ್ದೆ. ಕ್ವೆರಿಯಲ್ಲಿ ಹೆಸರನ್ನು ಸುತ್ತುವುದೂ ಅದೇ ಚಿಹ್ನೆ, ಹಾಗಾಗಿ ಅದು ಕಂಡಲ್ಲಿಗೆ ಹೆಸರು ಮುಗಿಯಿತು ಅಂತ ಡೇಟಾಬೇಸ್ ತಿಳಿದುಕೊಂಡಿತು. ಉಳಿದ 'ಬಾವಿಮನಿ'ಯನ್ನು ಆಜ್ಞೆ ಅಂತ ಓದಲು ಹೋಗಿ ಬಿತ್ತು. ಬಿದ್ದದ್ದೇ ಪುಣ್ಯ. ಬೇಕಂತಲೇ ಯಾರಾದರೂ ಹೀಗೆ ಬರೆದರೆ ಒಳಗಿನ ಡೇಟಾ ಹೊರಗೆ ಎಳೆಯಬಹುದು, ಕೆಡಿಸಲೂಬಹುದು. ಕ್ವೆರಿಯಲ್ಲಿ ಹೆಸರು ಬರುವ ಜಾಗಕ್ಕೆ ಪ್ರಶ್ನೆ ಚಿಹ್ನೆ ಇಟ್ಟು, ಹೆಸರನ್ನು ಬೇರೆಯಾಗಿ ಕೊಡಬೇಕು.

ಹಾಗೆ ತಿದ್ದಿ ಊರಿನ ಜಾಗಕ್ಕೆ ಚಿತ್ತಾಪುರ ಕೊಟ್ಟು ಓಡಿಸಿದೆ. ಬಂದ ದೂರು ನೋಡಿ ತಲೆ ತಿರುಗಿತು. ಬೇಕಾದದ್ದು 1, ಕೊಟ್ಟದ್ದು 9 ಅನ್ನುತ್ತಿದೆ! ನಾನು ಕೊಟ್ಟದ್ದು ಒಂದೇ ಊರು. ನಮ್ಮ ಟೇಬಲ್‌ನಲ್ಲಿ ಕಾಲಂಗಳೂ ಒಂಬತ್ತೇ ಇದ್ದವು. ತಪ್ಪು ಅಲ್ಲೇ ಇದೆ ಅಂತ ಅರ್ಧ ಗಂಟೆ ಕಾಲಂಗಳನ್ನೇ ಕೆದಕಿದೆ. ಬೇಸತ್ತು ಚಿತ್ತಾಪುರ ತೆಗೆದು ಆಳಂದ ಹಾಕಿದೆ. ಈಗ ಕೊಟ್ಟದ್ದು 4 ಅಂದಿತು. ಆಗ ಹೊಳೆಯಿತು, ಅದು ಅಕ್ಷರ ಎಣಿಸುತ್ತಿದೆ!

ಎಕ್ಸಿಕ್ಯೂಟ್‌ಗೆ ಪ್ರಶ್ನೆ ಚಿಹ್ನೆಗಳ ಜಾಗದಲ್ಲಿ ಬರಬೇಕಾದವುಗಳ ಸಾಲು ಕೊಡಬೇಕು. ನಾನು ಬರೀ ಪದ ಕೊಟ್ಟಿದ್ದೆ. ಪೈಥಾನ್ ಲೆಕ್ಕದಲ್ಲಿ ಪದವೂ ಒಂದು ಸಾಲೇ, ಅಕ್ಷರಗಳ ಸಾಲು. ನಮ್ಮ ಕಣ್ಣಿಗೆ ಚಿತ್ತಾಪುರದಲ್ಲಿ ನಾಲ್ಕೇ ಅಕ್ಷರ. ಕಂಪ್ಯೂಟರ್ ಅಕ್ಷರಗಳಿಗೆ ನಂಬರ್ ಕೊಡುವ ಯೂನಿಕೋಡ್‌ಗೆ ಚ, ಗುಡಿಸು, ತ, ಒತ್ತು ಮೂಡಿಸುವ ಹಲಂತ, ಮತ್ತೆ ತ, ಇಳಿ, ಪ, ಕೊಂಬು, ರ. ಒಂಬತ್ತು. ಪರಿಹಾರ ಒಂದು ಅಲ್ಪವಿರಾಮ. ಕಂಸದೊಳಗೆ ಊರಿನ ಹೆಸರು ಬರೆದು ಅದರ ನಂತರ ಅಲ್ಪವಿರಾಮ ಹಾಕಿದರೆ ಪೈಥಾನ್ ಅದನ್ನು ಒಂದೇ ಪದ ಇರುವ ಸಾಲು, ಅಂದರೆ ಟ್ಯೂಪಲ್, ಅಂತ ಒಪ್ಪುತ್ತದೆ. ಇಂಗ್ಲಿಷ್ ಹೆಸರಾಗಿದ್ದರೆ ಅಕ್ಷರ ಎಣಿಸಿ ಬೇಗ ಗೊತ್ತಾಗುತ್ತಿತ್ತೋ ಏನೋ.

ಇನ್ನು ಉತ್ತರ ಉಳಿಸುವ ಮಾತು. ಮೊದಲ ದಿನ ಕಮಿಟ್, ಅಂದರೆ ಬರೆದದ್ದನ್ನು ಖಾಯಂ ಮಾಡುವ ಆಜ್ಞೆ, ಕೊಡುವುದನ್ನೇ ಮರೆತಿದ್ದೆ. ಪ್ರೋಗ್ರಾಂ ಮುಚ್ಚಿ ತೆರೆದರೆ ಟೇಬಲ್ ಸ್ವಚ್ಛ. ಮರುದಿನ ಹೆದರಿಕೊಂಡು ಸಾಲಿಗೊಂದು ಕಮಿಟ್ ಹಾಕಿದೆ. ಆಗ ಆಮೆ ನಡಿಗೆ. ಒಂದೊಂದು ಕಮಿಟ್‌ಗೂ ಎಸ್‌ಕ್ಯೂಲೈಟ್ ಡಿಸ್ಕ್‌ಗೆ ಬರೆದು ಮುಗಿಯುವವರೆಗೆ ಕಾಯುತ್ತದೆ. ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಸೆಕೆಂಡಿಗೆ ಕೆಲವು ಡಜನ್ ಕಮಿಟ್ ಆದರೆ ಜಾಸ್ತಿ. ಎಲ್ಲ ಸಾಲು ಸೇರಿಸಿ ಕೊನೆಗೆ ಒಂದೇ ಕಮಿಟ್ ಮಾಡಿದ ಮೇಲೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು.

ಅದಾದ ಮೇಲೆ ಸಂಜೆ ಲೆಕ್ಕ ಎರಡು ಸಲ ತೆಗೆದರೆ ಸಾಲುಗಳೂ ಎರಡೆರಡು. ರೈತನ ನಂಬರ್ ಮತ್ತು ತಾರೀಖು ಸೇರಿ ಒಂದೇ ಸಾಲು ಇರಬೇಕು ಅಂತ ಕಟ್ಟು ಹಾಕಿದೆ. ಆ ಸಾಲು ಮೊದಲೇ ಇದ್ದರೆ ತಿದ್ದು ಅನ್ನುವ ಆನ್ ಕಾನ್‌ಫ್ಲಿಕ್ಟ್ ಬಳಸಿದೆ. ಎಸ್‌ಕ್ಯೂಲೈಟ್‌ಗೆ ಇದು 2018ರ 3.24ನೇ ಆವೃತ್ತಿಯಲ್ಲಿ ಬಂತು. ಜಾಣತನ ಅನ್ನಿಸಿತ್ತು. ಒಂದು ದಿನ ಗುಮಾಸ್ತರು ತಪ್ಪಾಗಿ ಮಾಡಿದ ಪಟ್ಟಿ ಅಳಿಸಿ ಲೆಕ್ಕ ಮತ್ತೆ ತೆಗೆದರು. ಪಟ್ಟಿ ಹೋಗಿತ್ತು, ಆ ರೈತನ ಸಾಲು ಮಾತ್ರ ದಿನದ ಲೆಕ್ಕದಲ್ಲಿ ಹಾಗೇ ಕೂತಿತ್ತು! ಕ್ವೆರಿಯಲ್ಲಿ ಬಾರದ ಸಾಲನ್ನು ತಿದ್ದುವವರು ಯಾರು? ಈಗ ಆ ತಾರೀಖಿನ ಸಾಲುಗಳನ್ನೆಲ್ಲ ಅಳಿಸಿ ಹೊಸದಾಗಿ ತುಂಬುತ್ತೇನೆ, ಎರಡೂ ಒಂದೇ ಟ್ರಾನ್ಸಾಕ್ಷನ್ ಒಳಗೆ, ಆದರೆ ಎರಡೂ ಆಗಬೇಕು, ಇಲ್ಲದಿದ್ದರೆ ಯಾವುದೂ ಇಲ್ಲ. ನಡುವೆ ಕರೆಂಟ್ ಹೋದರೂ ಭಯವಿಲ್ಲ. ಮುಂದಿನ ಸಲ ತೆರೆದಾಗ ಎಸ್‌ಕ್ಯೂಲೈಟ್ ಅರ್ಧ ಕೆಲಸವನ್ನು ಹಿಂದಕ್ಕೆ ತಿರುಗಿಸಿ ಹಳೆಯ ಲೆಕ್ಕ ತೋರಿಸುತ್ತದೆ.

ಸಿಎಸ್‌ವಿ ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಚಿತ್ರವಿಚಿತ್ರ ಗುರುತುಗಳಾಗಿ ಕಂಡಿತು. ಯುಟಿಎಫ್-8-ಸಿಗ್ ಅನ್ನುವ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಫೈಲಿಗಿಳಿಸುವ ಪದ್ಧತಿ, ಕೊಟ್ಟು ಬರೆದ ಮೇಲೆ ಸರಿಹೋಯಿತು.

ಕೊನೆಗೆ ಸಾಹುಕಾರರು ಜಿಲ್ಲಾವಾರು ಲೆಕ್ಕ ಕೇಳಿದರು. ಕಲಬುರಗಿ ಅಂತ ಕ್ವೆರಿ ಓಡಿಸಿದರೆ ಹಳೆಯ ಪಟ್ಟಿಗಳು ಬರಲೇ ಇಲ್ಲ. ಊರಿನ ಹೆಸರು ಬದಲಾದದ್ದು 2014ರ ನವೆಂಬರ್ 1ಕ್ಕೆ, ಅದಕ್ಕೂ ಹಿಂದಿನವೆಲ್ಲ ಗುಲ್ಬರ್ಗಾ. ಸಾಲದ್ದಕ್ಕೆ ಶಹಾಪುರ, ಸುರಪುರದ ಪಟ್ಟಿಗಳಲ್ಲೂ ಗುಲ್ಬರ್ಗಾ ಅಂತಲೇ ಇತ್ತು. 2009ರ ಕೊನೆಗೆ ಆ ತಾಲ್ಲೂಕುಗಳೂ ಸೇರಿ ಯಾದಗಿರಿ ಬೇರೆ ಜಿಲ್ಲೆಯಾದ ಮೇಲೂ ಹಳೆಯ ರೂಢಿ ಬಿಟ್ಟಿರಲಿಲ್ಲ. ಹಳೆಯ ಪಟ್ಟಿಗಳನ್ನು ನಾನು ಮುಟ್ಟಲಿಲ್ಲ, ಬರೆದದ್ದು ಬರೆದ ಹಾಗೇ ಇರಲಿ. ಯಾವ ತಾಲ್ಲೂಕು ಈಗ ಯಾವ ಜಿಲ್ಲೆ ಅನ್ನುವ ಚಿಕ್ಕ ಟೇಬಲ್ ಮಾಡಿ ಕ್ವೆರಿಯಲ್ಲಿ ಅದಕ್ಕೆ ಜೋಡಿಸಿದೆ.

ಸಾಹುಕಾರರು ಹೊಸ ಫೈಲು ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು.

"ಏನ್ರಿ, ನಮ್ ಜಿಲ್ಲಾದ ಲೆಕ್ಕ ಕಮ್ಮಿ ಆಯ್ತಲ್ರಿ?"

ಶಹಾಪುರ ಎಲ್ಲಿಗೆ ಹೋಯಿತು ಅಂತ ಅವರಿಗೆ ವಿವರಿಸಲು ಎರಡು ಕಪ್ ಚಹಾ ಬೇಕಾಯಿತು.